ಎಡಗಾಲಿಗೆ ರಜೆ

ನನ್ನ ಸೋದರಮಾವನ ಮನೆಯ ಮಂಚದ ಕೆಳಗೆ ಒಂದು ಗೋಣಿಚೀಲವಿತ್ತು. ಅದರ ತುಂಬ ಶೂಗಳು. ಎಲ್ಲವೂ ಎಡಗಾಲಿನವು, ಬಲಗಾಲಿನದು ಹುಡುಕಿದರೂ ಒಂದಿಲ್ಲ. ಗೊತ್ತಿಲ್ಲದವರು ನೋಡಿದರೆ, ಬಲಗಾಲಿನ ಶೂಗಳನ್ನಷ್ಟೇ ಕದಿಯುವ ಕಳ್ಳನೊಬ್ಬ ಆ ಬೀದಿಯಲ್ಲಿದ್ದಾನೆ ಅಂದುಕೊಳ್ಳಬೇಕು.

ಕಳ್ಳ ಯಾರೂ ಇರಲಿಲ್ಲ. ಮಾವ ಲಾರಿ ಡ್ರೈವರ್, ಅಷ್ಟೇ. ಹಿಂದೆ ಉದ್ದನೆಯ ಟ್ರೇಲರ್ ಎಳೆಯುವ ಹದಿನೆಂಟು ಚಕ್ರದ ಲಾರಿ ಅವನದು. ಕ್ಯಾಬಿನ್ ಹತ್ತಿದ ಕೂಡಲೇ ಎಡಗಾಲಿನ ಶೂ ಬಿಚ್ಚಿಬಿಡುತ್ತಿದ್ದ. ಬಲಗಾಲಿಗೆ ಶೂ, ಎಡಗಾಲು ಬರಿಗಾಲು. ಯಾಕೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಕ್ಲಚ್ ಎಲ್ಲಿ ಕಚ್ಚುತ್ತೆ ಅಂತ ಅಂಗಾಲಿಗೆ ಗೊತ್ತಾಗ್ಬೇಕು. ನಡುವೆ ರಬ್ಬರ್ ಇಟ್ಕೊಂಡ್ರೆ ಗೋಡೆ ಆಚೆಯಿಂದ ಹೆಂಡ್ತಿ ಜೊತೆ ಮಾತಾಡಿದ ಹಾಗಿರುತ್ತೆ.”

ಹೀಗಾಗಿ ಬಲಗಾಲಿನ ಶೂ ಪೆಡಲುಗಳ ಮೇಲೆ ತಿಕ್ಕಿ ತಿಕ್ಕಿ ವರ್ಷ ತುಂಬುವ ಮೊದಲೇ ಬಾಯಿ ಬಿಡುತ್ತಿತ್ತು. ಎಡಗಾಲಿನದು ನಿನ್ನೆ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿತ್ತು. ಅದನ್ನು ಎಸೆಯಲು ಅತ್ತೆಗೆ ಮನಸ್ಸಾಗುತ್ತಿರಲಿಲ್ಲ. “ಇಷ್ಟು ಚೆನ್ನಾಗಿರೋದನ್ನ ಹೇಗ್ರೀ ಎಸೀಲಿ? ಇದಕ್ಕೂ ಒಂದಿನ ಕೆಲಸ ಬರುತ್ತೆ, ಇರಲಿ” ಎಂದು ಚೀಲಕ್ಕೆ ಹಾಕುತ್ತಿದ್ದಳು. ಒಂಟಿ ಶೂಗೆ ಯಾವ ಕೆಲಸ ಬರುತ್ತದೆ ಎಂದು ನಾವೆಲ್ಲ ನಗುತ್ತಿದ್ದೆವು.

ಬಿಚ್ಚಿದ ಶೂವನ್ನು ಮಾವ ಕೆಳಗೆ ಬಿಡುತ್ತಿರಲಿಲ್ಲ. ಉರುಳಿಕೊಂಡು ಹೋಗಿ ಬ್ರೇಕ್ ಪೆಡಲಿನ ಅಡಿಗೆ ಸಿಕ್ಕಿದರೆ ಮುಗಿಯಿತು ಕಥೆ. ಅದಕ್ಕೇ ಪಕ್ಕದಲ್ಲಿ ಯಾರು ಕೂತಿರುತ್ತಾರೋ ಅವರ ಕೈಗೆ ಕೊಡುತ್ತಿದ್ದ. ಅವರು ಊರು ಮುಟ್ಟುವವರೆಗೆ ತೊಡೆಯ ಮೇಲಿಟ್ಟುಕೊಂಡು ಕೂರಬೇಕು. ಯಾರೂ ಇಲ್ಲದಿದ್ದರೆ ಪಕ್ಕದ ಸೀಟಿನಲ್ಲಿ ಶೂ ಇಟ್ಟು ಅದಕ್ಕೆ ಸೀಟ್ ಬೆಲ್ಟ್ ಹಾಕುತ್ತಿದ್ದ. ನಾನು ಕಣ್ಣಾರೆ ನೋಡಿದ್ದೇನೆ.

ಡಿಪೋದಲ್ಲಿ ಅವನಿಗೆ ‘ಡಬಲ್’ ಎಂದು ಹೆಸರು. ಹಳೆಯ ಲಾರಿಗಳಲ್ಲಿ ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗಲು ಎರಡು ಸಲ ಕ್ಲಚ್ ಒತ್ತಬೇಕು. ಒತ್ತು, ಗೇರಿನಿಂದ ಬಿಡಿಸು, ಬಿಡು, ಇಂಜಿನ್‌ನ ದನಿ ಸರಿಹೊಂದುವವರೆಗೆ ಒಂದು ಉಸಿರು ತಡೆ, ಮತ್ತೆ ಒತ್ತು, ಹಾಕು. ಈ ಡಬಲ್ ಕ್ಲಚ್ ಎಲ್ಲ ಡ್ರೈವರುಗಳೂ ಮಾಡುತ್ತಿದ್ದರು. ಮಾವ ಮಾಡಿದಾಗ ಮಾತ್ರ ಗೇರಿನ ಹಲ್ಲುಗಳು ಕಚ್ಚುವ ಸದ್ದೇ ಬರುತ್ತಿರಲಿಲ್ಲ. ಮನೆಯ ಮುಂದಿನ ಏರುರಸ್ತೆಯಲ್ಲಿ ದಿನಕ್ಕೆ ನೂರು ಲಾರಿ ಹೋಗುತ್ತಿದ್ದರೂ ಆ ನಡುವಿನ ಒಂದು ಉಸಿರನ್ನು ಕೇಳಿಯೇ ಅತ್ತೆ ಚಹಾಕ್ಕೆ ನೀರಿಡುತ್ತಿದ್ದಳು. ಲಾರಿ ಡಿಪೋದಲ್ಲಿ ಬಿಟ್ಟು ಮಾವ ನಡೆದು ಬರುವಷ್ಟರಲ್ಲಿ ಚಹಾ ತಯಾರು.

ನನಗೆ ಲಾರಿ ಕಲಿಸಿದವನೂ ಅವನೇ. ಆಗ ನನಗೆ ಇಪ್ಪತ್ಮೂರು. ಅದೇ ಡಿಪೋದ ಆಫೀಸಿನಲ್ಲಿ ಕಾಗದ ಜೋಡಿಸುವ ಕೆಲಸ. ಕಿಟಕಿಯಿಂದ ಲಾರಿ ನೋಡುವುದು, ಕಾಗದ ಜೋಡಿಸುವುದು, ಮತ್ತೆ ಲಾರಿ ನೋಡುವುದು. ಒಂದು ದಿನ ತಡೆಯಲಾರದೆ ಮಾವನನ್ನು ಕೇಳಿಬಿಟ್ಟೆ. ಅಮ್ಮ ಕೂಗಾಡಿದಳು. ಮಾವ ತನ್ನ ಅಕ್ಕನ ಕೂಗಾಟವನ್ನು ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡು, ಭಾನುವಾರ ಬೆಳಗ್ಗೆ ನನ್ನನ್ನು ಖಾಲಿ ಡಿಪೋಗೆ ಕರೆದುಕೊಂಡು ಹೋದ.

ಹತ್ತಿ ಕೂತೆ. “ಎಡಗಾಲಿನ ಚಪ್ಪಲಿ ಬಿಚ್ಚು” ಎಂದ. ಬಿಚ್ಚಿ ಎಲ್ಲಿಡುವುದೆಂದು ನೋಡುತ್ತಿದ್ದಾಗ ಬಗ್ಗಿ ಅದನ್ನೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ನನಗೆ ಮೈಯೆಲ್ಲ ಮುದುಡಿಹೋಯಿತು. ನನ್ನನ್ನು ಎತ್ತಿ ಆಡಿಸಿದವನು, ಅಮ್ಮನ ತಮ್ಮ, ನನ್ನ ಕೆಸರು ಚಪ್ಪಲಿಯನ್ನು ಒಗೆದ ಪ್ಯಾಂಟಿನ ಮೇಲೆ!

“ಅಯ್ಯೋ ಮಾವ, ಕೊಡು ಇಲ್ಲಿ. ಚಪ್ಪಲಿ ಅದು!”

“ಚಪ್ಪಲಿ ಅಂತ ನನಗೂ ಕಾಣುತ್ತೆ. ನೀನು ಮುಂದೆ ನೋಡು.”

ನಾಲ್ಕು ತಿಂಗಳು, ಪ್ರತಿ ಭಾನುವಾರ ಹಾಗೇ. ಕಾವಲುಗಾರ ಒಮ್ಮೆ ಗೇಟಿನಿಂದ ಕೂಗಿದ: “ಏನ್ ಡಬಲ್, ಅಕ್ಕನ ಮಗಳ ಚಪ್ಪಲಿ ಹೊರೋ ಕೆಲಸ ಯಾವಾಗಿಂದ?” ಮಾವ ಕಿಟಕಿಯಿಂದ ತಲೆ ಹಾಕಿ, “ನಿನ್ನ ಮಾತು ಹೊರೋದಕ್ಕಿಂತ ಹಗುರ ಇದೆ ಕಣೋ” ಎಂದ. ನಾನು ನಗಲಿಕ್ಕೆ ಹೋಗಿ ಇಂಜಿನ್ ಆಫ್ ಮಾಡಿಕೊಂಡೆ. ಆ ಭಾನುವಾರಗಳನ್ನು ನೆನೆದರೆ ಇವತ್ತಿಗೂ ಡೀಸೆಲ್ ಮತ್ತು ಬಿಸಿಲಿಗೆ ಕಾದ ಸೀಟಿನ ವಾಸನೆ ಮೂಗಿಗೆ ಬರುತ್ತದೆ. ಅಷ್ಟು ನೆಮ್ಮದಿಯ ಬೆಳಗುಗಳು ಮತ್ತೆ ನನಗೆ ಸಿಕ್ಕಿಲ್ಲ.

ಹನ್ನೊಂದು ವರ್ಷ ನಾನೂ ಲಾರಿ ಓಡಿಸಿದೆ. ಆಮೇಲೆ ಅದೇ ಡಿಪೋದಲ್ಲಿ ಡ್ರೈವರುಗಳಿಗೆ ತರಬೇತಿ ಕೊಡುವ ಕೆಲಸ ಸಿಕ್ಕಿತು. ಆ ಹೊತ್ತಿಗೆ ಸರಿಯಾಗಿ ಆಟೋಮ್ಯಾಟಿಕ್ ಲಾರಿಗಳು ಬಂದವು. ಗೇರ್ ಲಾರಿಗಳನ್ನೆಲ್ಲ ಮಾರಿಬಿಡುವುದು ಎಂದು ತೀರ್ಮಾನವಾಯಿತು. ನೋಟಿಸ್ ಬೋರ್ಡಿನಲ್ಲಿ ಕಾಗದ ಅಂಟಿಸಿದರು: ಪ್ರತಿ ಡ್ರೈವರೂ ಹೊಸ ಲಾರಿಯಲ್ಲಿ ಪರೀಕ್ಷೆ ಪಾಸಾಗಬೇಕು, ಮೂರು ಅವಕಾಶ, ಆಗದಿದ್ದವರಿಗೆ ಗೇಟಿನ ಕೆಲಸ. ಕಾಗದದ ಕೆಳಗೆ ಪರೀಕ್ಷೆ ಮಾಡುವವರ ಹೆಸರಿನ ಜಾಗದಲ್ಲಿ ನನ್ನ ಹೆಸರು.

ಮಾವನಿಗೆ ನಿವೃತ್ತಿಗೆ ಇನ್ನು ಹತ್ತೊಂಬತ್ತು ತಿಂಗಳು ಬಾಕಿ. ಗೇಟಿನ ಕೆಲಸವೆಂದರೆ ಕುರ್ಚಿಯಲ್ಲಿ ಕೂತು ಬೇರೆಯವರ ಲಾರಿ ಬಂದಾಗ ಅಡ್ಡಕಂಬ ಎತ್ತುವುದು. ಮೂವತ್ತೇಳು ವರ್ಷ ಓಡಿಸಿದವನಿಗೆ ಅದು ಕೆಲಸವಲ್ಲ, ಶಿಕ್ಷೆ.

ಮೊದಲ ಪರೀಕ್ಷೆ ಡಿಪೋದ ಅಂಗಳದಲ್ಲೇ. ಮಾವ ಹತ್ತಿದ, ಕೂತ, ಶೂ ಬಿಚ್ಚಿದ, ಪಕ್ಕಕ್ಕೆ ಚಾಚಿದ. ನಾನು ಫೈಲ್ ಸರಿಸಿ ಅದನ್ನು ತೊಡೆಯ ಮೇಲಿಟ್ಟುಕೊಂಡೆ. ಮಾವ ಕ್ಯಾಬಿನ್ ಎಲ್ಲ ಕಣ್ಣಾಡಿಸಿದ.

“ಗೇರ್ ರಾಡ್ ಎಲ್ಲೇ?”

“ಇಲ್ಲ. ಈ ಗುಂಡಿ ತಿರುಗಿಸಿದ್ರೆ ಮುಗೀತು.”

“ರೇಡಿಯೋ ಹಾಕೋಕೂ ಇದಕ್ಕಿಂತ ಜಾಸ್ತಿ ಕೆಲಸ ಇರುತ್ತಲ್ಲೇ.”

ಹೊರಟಿತು. ಚೆನ್ನಾಗಿಯೇ ಹೊರಟಿತು. ವೇಗ ಏರಿ, ಇಂಜಿನ್‌ನ ದನಿ ಮೇಲಕ್ಕೆ ಹೋಗಿ, ಇನ್ನು ಗೇರ್ ಬದಲಿಸಬೇಕು ಎನ್ನುವ ಹಂತಕ್ಕೆ ಬಂತು ನೋಡಿ, ಮಾವನ ಎಡಗಾಲು ತನ್ನ ಕೆಲಸಕ್ಕೆ ಎದ್ದಿತು. ಹೊಸ ಲಾರಿಯಲ್ಲಿ ಇರುವುದು ಎರಡೇ ಪೆಡಲ್. ಕ್ಲಚ್ ಇದ್ದ ಜಾಗದವರೆಗೂ ಅಗಲವಾಗಿ ಚಾಚಿಕೊಂಡಿರುವುದು ಬ್ರೇಕ್. ಕ್ಲಚ್ ಒತ್ತುವ ಹಾಗೆ ಪೂರ್ತಿ ತಳದವರೆಗೆ ಒತ್ತಿದ. ಲಾರಿ ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ನನ್ನ ಫೈಲ್ ಮುಂದಿನ ಗಾಜಿಗೆ ಬಡಿಯಿತು. ಶೂ ಮಾತ್ರ ನಾನು ಬಿಡಲಿಲ್ಲ.

ಕಾಲು ಗಂಟೆಯಲ್ಲಿ ಏಳು ಸಲ ಹಾಗಾಯಿತು. ಬಲಗಾಲು ಓಡು ಎನ್ನುತ್ತದೆ, ಎಡಗಾಲು ನಿಲ್ಲು ಎನ್ನುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಗೋಡೆಯ ಬಳಿ ನಿಂತಿದ್ದ ಡ್ರೈವರುಗಳು ಮೊದಲು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ಅವರು ನಿಲ್ಲಿಸಿದ್ದಕ್ಕೇ ನನಗೆ ಹೆಚ್ಚು ನೋವಾಯಿತು.

“ಇವತ್ತಿಗೆ ಸಾಕು. ನೀವು ಮುಂದಿನ ವಾರ ಬನ್ನಿ” ಎಂದೆ.

ಮಾವ ಶೂ ತೆಗೆದುಕೊಳ್ಳುತ್ತಾ ನನ್ನ ಮುಖ ನೋಡಿದ. “ನೀವಾ?” ಎಂದ.

ಎದುರಿಗೆ ಜನ ಇದ್ದರು, ಕೈಯಲ್ಲಿ ಫಾರಂ ಇತ್ತು, ಬಾಯಿಗೆ ಹಾಗೆ ಬಂತು. ಹುಟ್ಟಿದಾಗಿನಿಂದ ‘ನೀನು’ ಎಂದವಳು ಒಂದು ಫಾರಂ ಹಿಡಿದ ಮಾತ್ರಕ್ಕೆ ‘ನೀವು’ ಎಂದಿದ್ದೆ. ಏಳು ಸಲ ಬ್ರೇಕ್ ಒತ್ತಿದ್ದಕ್ಕಿಂತ ಅದು ಅವನಿಗೆ ಜೋರಾಗಿ ತಾಗಿತು.

ಆ ವಾರವೆಲ್ಲ ನನಗೆ ತಿಳಿದ ಉಪಾಯಗಳನ್ನೆಲ್ಲ ಸುರಿದೆ. ಎಡಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೋ ಎಂದೆ. ಬಾಯಲ್ಲಿ ‘ಬೇಡ ಬೇಡ’ ಎಂದು ಹೇಳಿಕೊಳ್ಳುತ್ತಾ ಓಡಿಸು ಎಂದೆ. ಕೊನೆಗೆ ಟವೆಲ್ಲಿನಿಂದ ಕಾಲನ್ನು ಸೀಟಿಗೆ ಕಟ್ಟೋಣವೇ ಎಂದಾಗ ಮಾವನಿಗೆ ಸಿಟ್ಟು ಬಂತು. “ಕಟ್ಟಿಹಾಕೋಕೆ ನಾನೇನು ದನವೇನೇ?” ಎಂದು ಇಳಿದುಹೋದ.

ಎರಡನೆಯ ಪರೀಕ್ಷೆ ರಸ್ತೆಯಲ್ಲಿ, ಹಿಂದೆ ಸಿಮೆಂಟಿನ ಲೋಡು. ರೈಲ್ವೆ ಮೇಲ್ಸೇತುವೆಯವರೆಗೆ ಒಂದು ತಪ್ಪೂ ಇಲ್ಲ. ನಾನು ಮನಸ್ಸಿನಲ್ಲೇ ಸಹಿ ಹಾಕಿಬಿಟ್ಟಿದ್ದೆ. ಸೇತುವೆಯ ಏರಿನಲ್ಲಿ ಇಂಜಿನ್‌ನ ದನಿ ಕುಗ್ಗಿತು. ಮೂವತ್ತೇಳು ವರ್ಷ ಆ ದನಿಗೆ ಉತ್ತರ ಕೊಟ್ಟ ಕಾಲು ಅದು, ಸುಮ್ಮನಿರುತ್ತದೆಯೇ? ಒತ್ತಿತು. ಏರಿನ ನಡುವೆ ಲಾರಿ ಗಕ್ಕನೆ ನಿಂತಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಸ್ಕೂಟರಿನಲ್ಲಿ ಒಬ್ಬ ಹೆಂಗಸು, ಅವಳ ಬೆನ್ನಿಗೆ ಅಂಟಿಕೊಂಡ ಒಂದು ಮಗು. ಟ್ರೇಲರಿಗೆ ಒಂದು ಗೇಣು ಉಳಿಸಿ ಪಕ್ಕಕ್ಕೆಳೆದು, ಎರಡೂ ಕಾಲು ನೆಲಕ್ಕೂರಿ ನಿಂತಿದ್ದಳು. ನಮ್ಮ ಲಾರಿಯನ್ನೇ ನೋಡುತ್ತಿದ್ದಳು.

ಮಾವನೂ ಅದೇ ಕನ್ನಡಿಯನ್ನು ನೋಡುತ್ತಿದ್ದ. ವಾಪಸ್ ಬರುವಾಗ ಲಾರಿ ನಾನೇ ಓಡಿಸಿದೆ.

ಆಫೀಸಿನಲ್ಲಿ ಮೇಲ್ವಿಚಾರಕರು ಫಾರಂ ನನ್ನ ಮುಂದಿಟ್ಟು ದನಿ ತಗ್ಗಿಸಿದರು. “ನಿಮ್ಮ ಮಾವ ಅಲ್ವಾ ಮೇಡಂ? ಇನ್ನೆಷ್ಟು, ಹತ್ತೊಂಬತ್ತು ತಿಂಗಳು. ಹಾಕಿಬಿಡಿ ಒಂದು ಸಹಿ, ಯಾರು ಕೇಳ್ತಾರೆ.”

“ಆ ಹತ್ತೊಂಬತ್ತು ತಿಂಗಳೂ ಅವರ ಹಿಂದೆ ನೀವು ಸ್ಕೂಟರ್ ಓಡಿಸೋದಾದ್ರೆ ಹಾಕ್ತೀನಿ ಸಾರ್” ಎಂದೆ. ನನ್ನ ಬಾಯಿ ಮೊದಲಿಂದಲೂ ಸ್ವಲ್ಪ ಉದ್ದವೇ. ‘ಅನುತ್ತೀರ್ಣ’ ಎಂದು ಬರೆದೆ. ಬರೆದು ಶೌಚಾಲಯಕ್ಕೆ ಹೋಗಿ ಕಣ್ಣೀರೂ ಹಾಕಿದೆ.

ಅತ್ತೆ ನನ್ನ ಜೊತೆ ಮಾತು ಬಿಟ್ಟಳು. ಭಾನುವಾರ ಮನೆಗೆ ಹೋದರೆ ಚಹಾದ ಲೋಟವನ್ನು ನನ್ನ ಮುಂದೆ ಕುಕ್ಕಿ, ಗೋಡೆಯ ಕಡೆ ತಿರುಗಿ, “ಗುರುವಿಗೇ ತಿರುಮಂತ್ರ ಹಾಕೋರನ್ನ ನಮ್ಮನೇಲೇ ಬೆಳೆಸಿದ್ವಿ” ಎಂದಳು. ಗೋಡೆ ಏನು ಹೇಳುತ್ತದೆ ಪಾಪ. ಮಾವ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಪೇಪರ್ ಹಿಡಿದಿದ್ದ.

“ಅವಳನ್ನ ಯಾಕೆ ಅಂತೀಯ? ಸರಿಯಾಗೇ ಮಾಡಿದ್ಲು. ಅವಳ ಜಾಗದಲ್ಲಿ ನಾನಿದ್ರೂ ಹಾಗೇ ಬರೀತಿದ್ದೆ” ಎಂದ. ಪುಟ ತಿರುಗಿಸಿ, ಪೇಪರಿನ ಹಿಂದಿನಿಂದ, “ಅಡ್ಡಕಂಬ ಎತ್ತೋಕೆ ಕಾಲು ಬೇಡ, ಕೈ ಸಾಕು. ಅದೊಂದು ಒಳ್ಳೇದಾಯ್ತು” ಎಂದ. ತಮಾಷೆ ಮಾಡುವ ದನಿಯಲ್ಲೇ ಹೇಳಿದ.

ಅಷ್ಟರಲ್ಲಿ ಹೊರಗೆ ಯಾವುದೋ ಲೋಡ್ ಲಾರಿ ಏರು ಹತ್ತತೊಡಗಿತು. ದನಿ ಕುಗ್ಗಿತು. ಪೇಪರಿನ ಕೆಳಗೆ ಮಾವನ ಬರಿಗಾಲು, ಎಡಗಾಲು, ನೆಲವನ್ನು ಒತ್ತಿತು, ಬಿಟ್ಟಿತು, ಮತ್ತೆ ಒತ್ತಿತು. ಆ ಒಂದು ಜಾಗದಲ್ಲಿ ಕೆಂಪು ನೆಲದ ಬಣ್ಣ ಮಾಸಿ ಅಂಗೈಯಷ್ಟಗಲ ಬೂದಾಗಿತ್ತು. ಎಷ್ಟು ವರ್ಷದ ಒತ್ತೋ. ಮಾವನಿಗೆ ಪೇಪರಿನಲ್ಲೇ ಗಮನ, ಕಾಲು ಮಾಡುತ್ತಿದ್ದುದು ಅವನಿಗೆ ಗೊತ್ತೇ ಇರಲಿಲ್ಲ. ಆ ಕಾಲಿಗೆ ನಾನು ಟವೆಲ್ ಕಟ್ಟಲು ಹೊರಟಿದ್ದೆ.

ಅತ್ತೆಯೂ ಆ ಕಾಲನ್ನೇ ನೋಡುತ್ತಿದ್ದಳು. ಆಮೇಲೆ ಒಂಬತ್ತು ದಿನದ ಮೌನ ಮುರಿದು, “ಏ ಪುಟ್ಟಿ” ಎಂದಳು.

“ಏನತ್ತೆ?”

“ಹೋದ ತಿಂಗಳು ನನ್ನ ಕಣ್ಣು ತೋರಿಸೋಕೆ ಹೋಗಿದ್ವಿ. ರಸ್ತೆ ಪಕ್ಕದ ಬೆಂಚಲ್ಲಿ ಎರಡು ಗಂಟೆ ಕೂತಿದ್ರು ಇವರು. ಲೆಕ್ಕ ಇಲ್ದಷ್ಟು ಲಾರಿ ಹೋಯ್ತು. ಈ ಕಾಲು ಒಂದ್ಸಲಾನೂ ಅಲ್ಲಾಡ್ಲಿಲ್ಲ.”

“ಯಾಕೆ?”

“ಯಾಕಂದ್ರೆ? ಶೂ ಹಾಕ್ಕೊಂಡಿದ್ರಲ್ಲ.”

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ನಾನು ತೊಡೆಯ ಮೇಲೆ ಶೂ ಇಟ್ಟುಕೊಂಡು ಹುಡುಕಿದ್ದೆ. ಶೂ ಬಿಚ್ಚಿದರೆ ಆ ಕಾಲಿಗೆ ಕೆಲಸ ಶುರು, ಹಾಕಿದರೆ ಕೆಲಸ ಮುಗಿಯಿತು. ಎರಡು ಪರೀಕ್ಷೆಯಲ್ಲೂ ಆ ಕಾಲನ್ನು ಕೆಲಸಕ್ಕೆ ಕಳಿಸಿದವಳು, ಕೈ ಚಾಚಿ ಶೂ ತೆಗೆದುಕೊಂಡ ನಾನೇ.

ಅತ್ತೆ ಆಗಲೇ ಮಂಚದ ಕೆಳಗಿಂದ ಚೀಲ ಎಳೆದಿದ್ದಳು. “ಈಗಿನವು ಹಗುರ. ತೂರಿಸಿದ್ರೆ ಆಯ್ತು, ಒದರಿದ್ರೆ ಆಯ್ತು. ಬಿಚ್ಚಿದ್ದೂ ಇವರಿಗೆ ಗೊತ್ತಾಗಲ್ಲ. ಲೇಸ್ ಇರೋದು ಬೇಕು, ಭಾರದ್ದು ಬೇಕು” ಎನ್ನುತ್ತಾ ಒಂದೊಂದೇ ಹೊರಗಿಟ್ಟಳು. ಮಾವ ಪೇಪರ್ ಮಡಚಿ ಕೆಳಗೆ ಬಂದು ಕೂತ. ಮೂವರೂ ಶೂಗಳ ನಡುವೆ ಕೂತೆವು. ಇದು ಮಗಳು ಹುಟ್ಟಿದ ವರ್ಷದ್ದು. ಇದು ಹೊಳೆ ಸೇತುವೆ ಕುಸಿದು ಹನ್ನೆರಡು ದಿನ ಆಚೆ ದಡದಲ್ಲೇ ಉಳಿದಾಗಿನದು. ಇದು ಅಳತೆ ತಪ್ಪಿ ತಂದದ್ದು, ಆ ವರ್ಷವೆಲ್ಲ ಮಾವ ಕುಂಟಿದ್ದ. ಇದು ಯಾವ ವರ್ಷದ್ದೆಂದು ಇಬ್ಬರೂ ಜಗಳವಾಡಿದರು. ಬಲಗಾಲಿನವೆಲ್ಲ ರಸ್ತೆ ಪಾಲಾಗಿದ್ದವು, ಎಡಗಾಲಿನಲ್ಲಿ ಅವರ ಸಂಸಾರವೆಲ್ಲ ಹಾಗೇ ಉಳಿದಿತ್ತು.

ಕೊನೆಗೆ ಅತ್ತೆಯ ಕೈಗೆ ಒಂದು ಕಪ್ಪು ಶೂ ಬಂತು. ದಪ್ಪ ಅಟ್ಟೆ, ಉದ್ದನೆಯ ಲೇಸು, ಇಟ್ಟಿಗೆಯಂಥ ಭಾರ. “ಇದು ನೀನು ಲಾರಿ ಕಲಿತ ವರ್ಷದ್ದು” ಎಂದಳು ನನಗೆ. ಒಣಗಿ ಬಿರುಸಾಗಿದ್ದ ಚರ್ಮಕ್ಕೆ ಎಣ್ಣೆ ಹಚ್ಚಿ ತಿಕ್ಕತೊಡಗಿದಳು. “ಹೊಸ ಉಪಾಯ ಎಲ್ಲ ಮುಗೀತಾ? ಹಳೇ ಗಂಡನ ಪಾದವೇ ಗತಿ.”

“ಪಾದ ಇಲ್ಲೇ ಇದೆ, ನಿಧಾನಕ್ಕೆ ತಿಕ್ಕು” ಎಂದ ಮಾವ.

ಮೂರನೆಯ ಪರೀಕ್ಷೆಯ ದಿನ ಮಾವ ಬಲಗಾಲಿಗೆ ಕಂದು, ಎಡಗಾಲಿಗೆ ಕಪ್ಪು ಶೂ ಹಾಕಿಕೊಂಡು ಡಿಪೋಗೆ ಬಂದ. ಲೇಸಿಗೆ ಅತ್ತೆ ಎರಡೆರಡು ಗಂಟು ಬಿಗಿದಿದ್ದಳು. ಮೇಲ್ವಿಚಾರಕರು ಕೆಳಗಿಂದ ಮೇಲಕ್ಕೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ.

ಹತ್ತಿ ಕೂತೆವು. ಮಾವನ ಕೈ ತಾನಾಗಿ ಕೆಳಗೆ ಹೋಯಿತು. ಲೇಸಿನ ತುದಿ ಬೆರಳಿಗೆ ಸಿಕ್ಕಿತು, ಗಂಟನ್ನು ಎಳೆಯತೊಡಗಿದ. ಆಗ ನೋಡುತ್ತೇನೆ, ನನ್ನ ಕೈಯೂ ಆಗಲೇ ಮುಂದಕ್ಕೆ ಚಾಚಿದೆ, ಅಂಗೈ ಮೇಲಾಗಿ, ಶೂಗಾಗಿ ಕಾಯುತ್ತಿದೆ. ಅವನ ಕಾಲಿಗೆ ಮೂವತ್ತೇಳು ವರ್ಷದ ಚಾಳಿಯಾದರೆ ನನ್ನ ಕೈಗೂ ಒಂದು ಚಾಳಿಯಿತ್ತು. ಇಷ್ಟು ದಿನ ಅವನ ಕಾಲಿಗೆ ಪಾಠ ಹೇಳಿದವಳು ನನ್ನ ಕೈಯನ್ನು ನೋಡಿಕೊಂಡಿರಲಿಲ್ಲ. ಹಿಂದಕ್ಕೆ ತೆಗೆದುಕೊಂಡೆ. ಅಷ್ಟು ಕಷ್ಟವಾಗುತ್ತದೆ ಅಂದುಕೊಂಡಿರಲಿಲ್ಲ.

“ಬಿಚ್ಚಬೇಡ ಮಾವ” ಎಂದೆ. “ಇವತ್ತು ಅದಕ್ಕೆ ರಜೆ.”

ಮಾವ ಲೇಸು ಬಿಟ್ಟು ನೆಟ್ಟಗೆ ಕೂತ. “ಈಗ ಸರಿಯಾಗಿ ಮಾತಾಡಿದೆ ನೋಡು” ಎಂದು ಗುಂಡಿ ತಿರುಗಿಸಿದ.

ರೈಲ್ವೆ ಮೇಲ್ಸೇತುವೆಯ ಏರು ಬಂತು. ಇಂಜಿನ್‌ನ ದನಿ ಕುಗ್ಗಿತು. ಮಾವನ ಎಡತೊಡೆ ಬಿಗಿಯಿತು, ಕಪ್ಪು ಶೂ ರಬ್ಬರ್ ಹಾಸಿನ ಮೇಲೆ ಗೀರಿತು, ಹಿಮ್ಮಡಿ ಒಂದಿಷ್ಟು ಎದ್ದಿತು. ತನ್ನ ಮೇಲಿನ ಭಾರ ಕಾಲಿಗೆ ಗೊತ್ತಾಯಿತೇನೋ, ಹಿಮ್ಮಡಿ ಮತ್ತೆ ಕೆಳಗೆ ಕೂತಿತು. ಲಾರಿ ತನ್ನಷ್ಟಕ್ಕೆ ಗೇರ್ ಬದಲಿಸಿಕೊಂಡು ಏರು ಹತ್ತಿತು. ಕನ್ನಡಿಯಲ್ಲಿ ಹಿಂದಿನ ವಾಹನಗಳೆಲ್ಲ ನೆಮ್ಮದಿಯಾಗಿ ಬರುತ್ತಿದ್ದವು.

ಸೇತುವೆ ದಾಟಿದ ಮೇಲೆ ಮಾವ ತಲೆ ಸ್ವಲ್ಪ ಓರೆ ಮಾಡಿದ. “ಕೇಳಿದ್ಯಾ?” ಎಂದ. “ಗೇರ್ ಬದಲಿಸೋ ಮುಂಚೆ ಇದೂ ಒಂದು ಉಸಿರು ತಡೆಯುತ್ತೆ. ಒಳಗೆ ಯಾರೋ ಕೂತು ಕ್ಲಚ್ ಒತ್ತಿದ ಹಾಗೆ. ಕಲಿತವನೇ ಇದ್ದಾನೆ ಕಣೇ.”

ಡಿಪೋದಲ್ಲಿ ಲಾರಿ ಪೂರ್ತಿ ನಿಲ್ಲುವ ಮೊದಲೇ ಫಾರಂಗೆ ಸಹಿ ಹಾಕಿಬಿಟ್ಟೆ. ಆ ಸಹಿ ಇವತ್ತಿಗೂ ಫೈಲಿನಲ್ಲಿ ಬೇರೆ ಯಾರದೋ ಹಾಗಿದೆ.

ಮಾವ ಆ ಹತ್ತೊಂಬತ್ತು ತಿಂಗಳನ್ನೂ ಸ್ಟೇರಿಂಗ್ ಹಿಂದೆಯೇ ಕಳೆದ. ಕಪ್ಪು ಶೂ ಸವೆದಾಗ ಅತ್ತೆ ಚೀಲದಿಂದ ಇನ್ನೊಂದು ತೆಗೆದುಕೊಟ್ಟಳು, ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿ. ಚಹಾಕ್ಕೆ ನೀರಿಡುವುದು ಮಾತ್ರ ತಪ್ಪಿಹೋಯಿತು. ಹೊಸ ಲಾರಿಗಳೆಲ್ಲ ಒಂದೇ ಥರ ಉಸಿರಾಡುತ್ತಿದ್ದವು. ಮಾವ ಏರಿನಲ್ಲಿ ಒಂದು ಸಣ್ಣ ಹಾರ್ನ್ ಹೊಡೆಯಲು ಶುರುಮಾಡಿದ. ಅದು ಹಳೆಯದರ ಹಾಗಲ್ಲ ಎಂದು ಅತ್ತೆ ಕೊನೆಯವರೆಗೂ ಗೊಣಗಿದಳು.

ಪರೀಕ್ಷೆಯಾದ ತಿಂಗಳಿಗೆ ಮಾವನ ಗೇರ್ ಲಾರಿಯೂ ಮಾರಾಟವಾಯಿತು. ಕೊಂಡವರು ಒಂದು ಕಲ್ಲುಗಣಿಯವರು, ಎರಡು ಗಂಟೆಯ ದಾರಿ. ಒಪ್ಪಿಸಿ ಬರುವ ಕೆಲಸವನ್ನು ಮಾವ ಕೇಳಿ ಪಡೆದ. ಬಸ್ಸಿನಲ್ಲಿ ವಾಪಸ್ ಬರೋಣ ಎಂದು ನಾನೂ ಜೊತೆಗೆ ಹತ್ತಿದೆ.

ಮಾವ ಬಗ್ಗಿ ಗಂಟು ಬಿಚ್ಚಿದ. ಅವಸರ ಮಾಡಲಿಲ್ಲ. ಎರಡೂ ಗಂಟು ಬಿಚ್ಚಿ, ಲೇಸು ಸಡಿಲಿಸಿ, ಕಾಲು ಹೊರತೆಗೆದ. ಅವನು ತಿರುಗುವ ಮೊದಲೇ ನಾನು ಕೈ ಚಾಚಿದ್ದೆ. ಭಾರದ ಶೂ ತೊಡೆಯ ಮೇಲೆ ಕೂತಿತು. ಬರಿಗಾಲು ಕ್ಲಚ್ಚಿನ ಮೇಲೆ ಹೋಗಿ, ಒಂದು ಕ್ಷಣ ಹಾಗೇ ಇದ್ದು, ಒತ್ತಿತು.

ಊರು ದಾಟುವಷ್ಟರಲ್ಲಿ ಮಾವನ ಕಣ್ಣು ನನ್ನ ಕಡೆ ಹೊರಳಿತು. ಬೆಳಗ್ಗೆ ಅತ್ತೆ ಮತ್ತೆ ಹಚ್ಚಿದ್ದ ಎಣ್ಣೆ ಶೂವಿನ ಅಂಚಿನಿಂದ ನನ್ನ ಹೊಸ ಪ್ಯಾಂಟಿಗೆ ಇಳಿದು ಅಗಲವಾಗಿ ಹರಡಿತ್ತು.

“ಅಯ್ಯೋ, ಕೊಡೇ ಇಲ್ಲಿ. ಬಟ್ಟೆಯೆಲ್ಲ ಕಲೆ ಆಯ್ತು!”

“ಕಲೆ ಅಂತ ನನಗೂ ಕಾಣುತ್ತೆ” ಎಂದೆ. “ನೀನು ಮುಂದೆ ನೋಡು.”